ಓಡುವ ವಾಹನದಲ್ಲಿ ಶೈತ್ಯಪೆಟ್ಟಿಗೆ: ಹೊಸ ಗಾಡಿಗಳು ಕೇಳುವ ಹೊಸ ಜೋಡಣೆ

ಪುಷ್ಯ ಮಾಸದಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ, ಬೇಸಿಗೆಯಲ್ಲಿ ಹುಲಿಗಿಯ ಹುಲಿಗೆಮ್ಮ ದೇವಿಯ ಜಾತ್ರೆ, ವರ್ಷವಿಡೀ ಅಂಜನಾದ್ರಿ ಬೆಟ್ಟಕ್ಕೆ ಬರುವ ಯಾತ್ರಿಕರ ಸಾಲು. ಜಿಲ್ಲೆಯ ಐಸ್‌ಕ್ರೀಮ್, ತಂಪು ಪಾನೀಯ ಹಾಗೂ ಹಾಲು-ಮೊಸರಿನ ವರ್ತಕರಿಗೆ ಇವು ವ್ಯಾಪಾರದ ದಿನಗಳು. ಅಂಗಡಿಯಲ್ಲಿ ಕುಳಿತು ಮಾರುವುದಕ್ಕಿಂತ ಪಿಕಪ್ ಅಥವಾ ಸಣ್ಣ ಸರಕು ವಾಹನದ ಹಿಂಬದಿಯಲ್ಲಿ ಫ್ರೀಜರ್ ಇರಿಸಿಕೊಂಡು ಗಿರಾಕಿಯಿದ್ದಲ್ಲಿಗೇ ಹೋಗುವ ಪದ್ಧತಿ ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹಳ್ಳಿಗಳವರೆಗೂ ಹಬ್ಬಿದೆ. ಔಷಧ ಹಾಗೂ ಕೋಳಿ ಲಸಿಕೆಗಳ ವಿತರಕರು, ಮುನಿರಾಬಾದಿನ ಕಡೆಯಿಂದ ಮೀನು ತರುವವರು, ಜಾತ್ರೆಯಿಂದ ಜಾತ್ರೆಗೆ ತಿಂಡಿ ಗಾಡಿಯನ್ನು ಎಳೆದೊಯ್ಯುವವರು, ಇವರೆಲ್ಲರ ಅಗತ್ಯವೂ ಒಂದೇ: ವಾಹನ ಓಡುತ್ತಿರುವಾಗಲೂ ನಿಂತಿರುವಾಗಲೂ ಪೆಟ್ಟಿಗೆ ತಣ್ಣಗಿರಬೇಕು.

ಈ ವರ್ತಕರಲ್ಲಿ ಹಳೆಯ ವಾಹನವನ್ನು ಮಾರಿ ಹೊಸದನ್ನು ಕೊಂಡವರಿಗೆ ವಿಚಿತ್ರವೆನಿಸುವ ತೊಂದರೆಯೊಂದು ಎದುರಾಗುವುದುಂಟು. ಹಳೆಯ ಗಾಡಿಯಲ್ಲಿ ಏಳೆಂಟು ವರ್ಷ ತಕರಾರಿಲ್ಲದೆ ನಡೆದ ಅದೇ ಫ್ರೀಜರ್, ಅದೇ ತಂತಿ, ಅದೇ ಹೆಚ್ಚುವರಿ ಬ್ಯಾಟರಿ ಹೊಸ ಗಾಡಿಗೆ ವರ್ಗವಾದ ಕೆಲವೇ ದಿನಗಳಲ್ಲಿ ಕೈಕೊಡುತ್ತವೆ. ಬೆಳಿಗ್ಗೆ ಗಟ್ಟಿಯಾಗಿದ್ದ ಕುಲ್ಫಿ ಮಧ್ಯಾಹ್ನದ ಹೊತ್ತಿಗೆ ಮೆತ್ತಗಾಗಿರುತ್ತದೆ. ಮೊದಲು ಬ್ಯಾಟರಿ ಮಾರಿದವನ ಮೇಲೆ, ಆಮೇಲೆ ಫ್ರೀಜರ್ ಮಾರಿದವನ ಮೇಲೆ, ಕೊನೆಗೆ ವಾಹನ ಮಾರಿದವನ ಮೇಲೆ ದೂರು ಹೋಗುತ್ತದೆ. ಮೂರೂ ವಸ್ತುಗಳು ಸರಿಯಾಗಿಯೇ ಇದ್ದು, ಅವುಗಳ ನಡುವಿನ ಜೋಡಣೆ ಮಾತ್ರ ಹಳೆಯ ಕಾಲದ್ದಾಗಿರುವ ಸಾಧ್ಯತೆಯನ್ನು ಯಾರೂ ಮೊದಲು ಯೋಚಿಸುವುದಿಲ್ಲ. ಒಮ್ಮೆ ಕರಗಿದ ಐಸ್‌ಕ್ರೀಮನ್ನು ಮರಳಿ ಹೆಪ್ಪುಗಟ್ಟಿಸಿ ಮಾರುವಂತಿಲ್ಲ. ಅದರ ಹದವೂ ಹೋಗಿರುತ್ತದೆ, ಆರೋಗ್ಯದ ದೃಷ್ಟಿಯಿಂದಲೂ ಅದು ಸಲ್ಲದು. ಜಾತ್ರೆಯ ಒಂದು ದಿನದ ಸರಕು ಹಾಳಾದರೆ ಸಣ್ಣ ವರ್ತಕನ ಆ ಹಂಗಾಮಿನ ಲಾಭವೇ ಹೋದಂತೆ. ಆದ್ದರಿಂದ ಹೊಸ ವಾಹನಗಳಲ್ಲಿ ನಿಜವಾಗಿ ಬದಲಾಗಿರುವುದೇನು ಎಂಬುದನ್ನು ತಿಳಿದುಕೊಳ್ಳುವುದು ಅವಶ್ಯ.

ಬದಲಾದದ್ದು ಆಲ್ಟರ್ನೇಟರ್

ಎಂಜಿನ್ನಿನ ಬೆಲ್ಟಿನಿಂದ ತಿರುಗಿ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರನ್ನು ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಡೈನಮೋ ಎಂದೇ ಕರೆಯುತ್ತಾರೆ. ಹಳೆಯ ವಾಹನಗಳಲ್ಲಿ ಇದರ ಕೆಲಸ ಸರಳವಾಗಿತ್ತು. ಎಂಜಿನ್ ಚಾಲೂ ಆದೊಡನೆ ಅದು ಸುಮಾರು 14 ವೋಲ್ಟ್ ಕೊಡಲು ಆರಂಭಿಸಿ, ಎಂಜಿನ್ ನಿಲ್ಲುವವರೆಗೂ ಅಷ್ಟನ್ನೇ ಕೊಡುತ್ತಿತ್ತು. ಬ್ಯಾಟರಿ ತುಂಬಿದ್ದರೂ ಸರಿ, ಖಾಲಿಯಿದ್ದರೂ ಸರಿ. ಈ ಸ್ಥಿರವಾದ 14 ವೋಲ್ಟನ್ನು ನಂಬಿಯೇ ಎಲೆಕ್ಟ್ರಿಷಿಯನ್ನರು ಮುಂದಿನ ಬ್ಯಾಟರಿಯಿಂದ ಒಂದು ತಂತಿ ಎಳೆದು, ನಡುವೆ ಒಂದು ರಿಲೇ ಇಟ್ಟು, ಹಿಂದಿನ ಬ್ಯಾಟರಿಗೂ ಫ್ರೀಜರಿಗೂ ಕೊಡುತ್ತಿದ್ದರು.

ಆದರೆ ಆ ವಿದ್ಯುತ್ ಪುಕ್ಕಟೆಯಾಗಿ ಬರುವುದಿಲ್ಲ. 14 ವೋಲ್ಟಿನಲ್ಲಿ 100 ಆಂಪಿಯರ್ ಎಂದರೆ 1400 ವ್ಯಾಟ್, ಅಂದರೆ ಸುಮಾರು ಎರಡು ಅಶ್ವಶಕ್ತಿ. ಆಲ್ಟರ್ನೇಟರಿನಲ್ಲಿಯೇ ಆಗುವ ನಷ್ಟವನ್ನು ಸೇರಿಸಿದರೆ ಎಂಜಿನ್ನಿನಿಂದ ಮೂರು ಅಶ್ವಶಕ್ತಿಗೂ ಹೆಚ್ಚು ಸೆಳೆಯಲ್ಪಡುತ್ತದೆ. ಅಷ್ಟರಮಟ್ಟಿಗೆ ಇಂಧನ ಹೆಚ್ಚು ಉರಿಯುತ್ತದೆ. ಯುರೋಪಿನಲ್ಲಿ ಯುರೋ-6 ಮಾನದಂಡ 2014ರಿಂದ ಹೊಸ ಮಾದರಿಗಳ ಕಾರುಗಳಿಗೆ ಅನ್ವಯವಾಯಿತು. ಭಾರತವು ಬಿಎಸ್-5 ಹಂತವನ್ನು ಬಿಟ್ಟು ನೇರವಾಗಿ ಬಿಎಸ್-6ಕ್ಕೆ ಜಿಗಿದು, ಅದನ್ನು 2020ರ ಏಪ್ರಿಲ್ 1ರಿಂದ ದೇಶವ್ಯಾಪಿಯಾಗಿ ಜಾರಿಗೆ ತಂದಿತು. 2023ರ ಏಪ್ರಿಲ್‌ನಿಂದ ಅದರ ಎರಡನೆಯ ಹಂತವೂ ಬಂದಿತು. ಇಂಥದೇ ಆಲ್ಟರ್ನೇಟರ್ ಇರಬೇಕೆಂದು ಈ ನಿಯಮಗಳು ಹೇಳುವುದಿಲ್ಲ. ಆದರೆ ಹೊಗೆಯ ಮಿತಿ ಹಾಗೂ ಇಂಧನ ಉಳಿತಾಯದ ಒತ್ತಡಕ್ಕೆ ಸಿಲುಕಿದ ತಯಾರಕರು ಎಂಜಿನ್ನಿನ ಮೇಲಿನ ಪ್ರತಿಯೊಂದು ಹೊರೆಯನ್ನೂ ಇಳಿಸುವ ದಾರಿ ಹುಡುಕಿದರು. ಆಲ್ಟರ್ನೇಟರಿನ ಕಡಿವಾಣ ಎಂಜಿನ್ ನಿಯಂತ್ರಿಸುವ ಗಣಕದ, ಎಂದರೆ ಇಸಿಯುವಿನ ಕೈಗೆ ಹೋದದ್ದು ಹೀಗೆ. ವಹಿವಾಟಿನ ಭಾಷೆಯಲ್ಲಿ ಇದಕ್ಕೆ ಸ್ಮಾರ್ಟ್ ಆಲ್ಟರ್ನೇಟರ್ ಎಂದು ಹೆಸರು.

ಇದರ ನಡವಳಿಕೆ ಹೀಗಿರುತ್ತದೆ. ಎಂಜಿನ್ ಚಾಲೂ ಆದ ಮೇಲೆ ಸ್ವಲ್ಪ ಹೊತ್ತು ಅದು 14 ವೋಲ್ಟಿಗೂ ಮೇಲೆ ಕೊಡುತ್ತದೆ. ಮುಂದಿನ ಬ್ಯಾಟರಿ ಶೇಕಡಾ 80ರಷ್ಟು ತುಂಬಿತೆಂದು ಇಸಿಯುಗೆ ಅನಿಸಿದ ಕೂಡಲೇ ಅದು ಆಲ್ಟರ್ನೇಟರನ್ನು ಹೆಚ್ಚುಕಡಿಮೆ ಸುಮ್ಮನಿರಿಸುತ್ತದೆ. ವೋಲ್ಟೇಜ್ ಹನ್ನೆರಡೂವರೆಯ ಆಸುಪಾಸಿಗೆ ಇಳಿಯುತ್ತದೆ. ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಅಥವಾ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಅದೇ ಆಲ್ಟರ್ನೇಟರ್ ಒಮ್ಮೆಲೇ 15 ವೋಲ್ಟಿನವರೆಗೂ ಏರಿ, ಬ್ರೇಕಿನಲ್ಲಿ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ. ಬ್ಯಾಟರಿಯನ್ನು ಪೂರ್ತಿ ತುಂಬದೆ ಬಿಡುವುದೂ ಇದಕ್ಕಾಗಿಯೇ. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯಲಾಗದಷ್ಟೇ. ಮುಂದಿನ ಬ್ಯಾಟರಿಗೂ ಎಂಜಿನ್ನಿಗೂ ಇದರಿಂದ ಯಾವ ತೊಂದರೆಯೂ ಇಲ್ಲ. ತೊಂದರೆಯಾಗುವುದು ಹಿಂದೆ ಕುಳಿತಿರುವ, ಇಸಿಯುವಿನ ಲೆಕ್ಕದಲ್ಲಿ ಇಲ್ಲವೇ ಇಲ್ಲದ ಎರಡನೆಯ ಬ್ಯಾಟರಿಗೆ. ಸೀಸದ ಬ್ಯಾಟರಿಯೊಂದು ಪೂರ್ತಿ ತುಂಬಲು 14.4 ವೋಲ್ಟಿನಷ್ಟು ಗಂಟೆಗಟ್ಟಲೆ ಬೇಕು. ಹನ್ನೆರಡೂವರೆ ವೋಲ್ಟಿನಲ್ಲಿ ಅದು ಎಷ್ಟು ದೂರ ಓಡಿದರೂ ತುಂಬುವುದಿಲ್ಲ.

ಬಿಎಸ್-6 ಗಾಡಿಗಳೆಲ್ಲವೂ ಹೀಗೆಯೇ ಎಂದು ತಿಳಿಯಬೇಕಾಗಿಲ್ಲ. ಒಂದೇ ಮಾದರಿಯ ಹಿಂದಿನ ವರ್ಷದ ಗಾಡಿಯಲ್ಲಿ ಹಳೆಯ ಬಗೆ, ಮರುವರ್ಷದ್ದರಲ್ಲಿ ಹೊಸ ಬಗೆ ಇರಬಹುದು. ಮಾರಾಟಗಾರರ ಮಾತಿಗಿಂತ ಅಳತೆಯೇ ಪ್ರಮಾಣ. ಕೆಲವು ನೂರು ರೂಪಾಯಿಗಳ ಮಲ್ಟಿಮೀಟರ್ ಇದಕ್ಕೆ ಸಾಕು. ರಾತ್ರಿಯಿಡೀ ನಿಂತ ವಾಹನದ ಬ್ಯಾಟರಿ 12.6ರ ಆಸುಪಾಸು ತೋರಿಸಬೇಕು. ಎಂಜಿನ್ ಚಾಲೂ ಮಾಡಿ, ಇಪ್ಪತ್ತು ಮೂವತ್ತು ನಿಮಿಷ ರಸ್ತೆಯಲ್ಲಿ ಓಡಿಸುತ್ತಾ ಪಕ್ಕದಲ್ಲಿ ಕುಳಿತವರು ಮೀಟರ್ ನೋಡುತ್ತಿರಬೇಕು. 13.8 ಮತ್ತು 14.4ರ ನಡುವೆ ಅಲುಗಾಡದೆ ನಿಂತರೆ ಹಳೆಯ ಬಗೆ. ಆರಂಭದಲ್ಲಿ ಏರಿ, ಅನಂತರ 13ಕ್ಕಿಂತ ಕೆಳಗಿಳಿದು, ವೇಗ ತಗ್ಗಿಸಿದಾಗಲೆಲ್ಲ ಜಿಗಿಯುತ್ತಿದ್ದರೆ ಅದು ಸ್ಮಾರ್ಟ್ ಆಲ್ಟರ್ನೇಟರ್. ಗ್ಯಾರೇಜಿನೊಳಗೆ ನಿಲ್ಲಿಸಿ ಎರಡು ನಿಮಿಷ ನೋಡಿ ತೀರ್ಪು ಕೊಡುವ ಪದ್ಧತಿಯಿಂದಲೇ ಬಹಳಷ್ಟು ತಪ್ಪು ಜೋಡಣೆಗಳಾಗುತ್ತವೆ, ಏಕೆಂದರೆ ಆ ಎರಡು ನಿಮಿಷ ಎಲ್ಲ ಆಲ್ಟರ್ನೇಟರುಗಳೂ ಒಂದೇ ರೀತಿ ಕಾಣುತ್ತವೆ. ಹೆಡ್‌ಲೈಟ್ ಹಾಕಿಕೊಂಡರೆ ಕೆಲವು ವಾಹನಗಳಲ್ಲಿ ವೋಲ್ಟೇಜ್ ಏರಿಯೇ ಇರುತ್ತದೆ. ಇದನ್ನೇ ಉಪಾಯವೆಂದು ಹಗಲಿನಲ್ಲಿಯೂ ದೀಪ ಉರಿಸಿಕೊಂಡು ಓಡಿಸುವವರಿದ್ದಾರೆ. ಎಲ್ಲ ವಾಹನಗಳೂ ಅದಕ್ಕೆ ಮಣಿಯುವುದಿಲ್ಲ.

ಒಂದು ದಿನದ ಲೆಕ್ಕ

ಗಂಗಾವತಿಯಿಂದ ಬೆಳಿಗ್ಗೆ ಹೊರಟು ಕನಕಗಿರಿ, ತಾವರಗೇರಾ ಮಾರ್ಗವಾಗಿ ಕುಷ್ಟಗಿಗೆ ಹೋಗಿ, ದಾರಿಯುದ್ದಕ್ಕೂ ಅಂಗಡಿಗಳಿಗೆ ಐಸ್‌ಕ್ರೀಮ್ ಕೊಟ್ಟು ಹಿಂತಿರುಗುವ ಒಂದು ಪಿಕಪ್ಪನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಒಟ್ಟು ಒಂಬತ್ತು ಗಂಟೆಗಳ ಕೆಲಸ. ಇದರಲ್ಲಿ ಎಂಜಿನ್ ಓಡುವುದು ಮೂರೂವರೆ ಗಂಟೆ ಮಾತ್ರ. ಉಳಿದ ಐದೂವರೆ ಗಂಟೆ ಗಾಡಿ ಅಂಗಡಿಗಳ ಮುಂದೆ ನಿಂತಿರುತ್ತದೆ. ವಿತರಣೆಯ ವ್ಯಾಪಾರದಲ್ಲಿ ಈ ಅನುಪಾತವನ್ನು ಮರೆತವರೇ ಹೆಚ್ಚು. ವಾಹನ ದಿನವಿಡೀ ಹೊರಗಿರುವುದರಿಂದ ಆಲ್ಟರ್ನೇಟರೂ ದಿನವಿಡೀ ದುಡಿಯುತ್ತದೆಂದು ಭಾವಿಸುತ್ತಾರೆ.

ಹಿಂದಿರುವುದು 12 ವೋಲ್ಟಿನಲ್ಲಿಯೇ ನಡೆಯುವ ಕಂಪ್ರೆಸರ್ ಫ್ರೀಜರ್, ಸರಾಸರಿ 7 ಆಂಪಿಯರ್ ಸೆಳೆಯುತ್ತದೆ ಎಂದಿಟ್ಟುಕೊಂಡರೆ ಒಂಬತ್ತು ಗಂಟೆಗೆ 63 ಆಂಪಿಯರ್-ಗಂಟೆ ಬೇಕು. ಎರಡನೆಯ ಬ್ಯಾಟರಿ 100 ಆಂಪಿಯರ್-ಗಂಟೆಯದು. ಸೀಸದ ಬ್ಯಾಟರಿಯಲ್ಲಿ ಅರ್ಧದಷ್ಟನ್ನು ಮಾತ್ರ ಬಳಸಬೇಕೆಂಬುದು ಸಾಮಾನ್ಯ ನಿಯಮ. ಅದಕ್ಕಿಂತ ಕೆಳಗೆ ದಿನವೂ ಇಳಿಸಿದರೆ ಆಯುಷ್ಯ ಬೇಗ ಮುಗಿಯುತ್ತದೆ. ಸ್ಮಾರ್ಟ್ ಆಲ್ಟರ್ನೇಟರ್ ಹಿಂದಿನ ಬ್ಯಾಟರಿಗೆ ಏನನ್ನೂ ಕೊಡದಿದ್ದರೆ 63 ಪೂರ್ತಿಯಾಗಿ ಬ್ಯಾಟರಿಯಿಂದಲೇ ಹೋಗಬೇಕು, ಅಂದರೆ ಸಂಜೆಗೆ ಉಳಿಯುವುದು 37. ಹೊಸ ಬ್ಯಾಟರಿ ಕೆಲವು ತಿಂಗಳು ಇದನ್ನು ತಾಳಿಕೊಳ್ಳುತ್ತದೆ. ಆಮೇಲೆ ಮಧ್ಯಾಹ್ನ ಮೂರು ಗಂಟೆಗೇ ಸೋಲುತ್ತದೆ. ವರ್ತಕ ಮತ್ತೊಂದು ಬ್ಯಾಟರಿ ಕೊಳ್ಳುತ್ತಾನೆ. ಅದೂ ಹೀಗೆಯೇ ಹೋಗುತ್ತದೆ.

ಈಗ ನಡುವೆ 20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಒಂದನ್ನು ಇಟ್ಟರೆ ಚಿತ್ರ ಬದಲಾಗುತ್ತದೆ. ಮೂರೂವರೆ ಗಂಟೆಯಲ್ಲಿ ಅದು 70 ಆಂಪಿಯರ್-ಗಂಟೆ ಕೊಡಬಲ್ಲದು. ಅದರಲ್ಲಿ 24.5 ಫ್ರೀಜರಿಗೆ ಹೋದರೆ 45 ಬ್ಯಾಟರಿಗೆ. ಚಾರ್ಜಿಂಗ್ ನಷ್ಟ ಕಳೆದು 38ರಷ್ಟು ನಿಜವಾಗಿ ಸೇರುತ್ತದೆ. ನಿಂತಿರುವ ಐದೂವರೆ ಗಂಟೆಯಲ್ಲಿ ಬ್ಯಾಟರಿಯಿಂದ ಹೋಗುವುದು 38.5. ಜಮಾ-ಖರ್ಚು ಸರಿಹೋಯಿತು, ಆದರೆ ಕೈಯಲ್ಲಿ ಏನೂ ಉಳಿಯಲಿಲ್ಲ. ಏಪ್ರಿಲ್-ಮೇ ತಿಂಗಳಿನಲ್ಲಿ, ಉಷ್ಣತೆ 40 ಡಿಗ್ರಿ ದಾಟಿ ಕಂಪ್ರೆಸರ್ ಬಿಡುವಿಲ್ಲದೆ ಓಡುವಾಗ ಈ ಲೆಕ್ಕ ಕೊರತೆಗೆ ತಿರುಗುತ್ತದೆ. ಆದ್ದರಿಂದ ಇಂಥ ಮಾರ್ಗಕ್ಕೆ 30 ಆಂಪಿಯರಿನ ಚಾರ್ಜರನ್ನೇ ಆರಿಸುವುದು ಉಚಿತ. ತನ್ನ ಮಾರ್ಗದಲ್ಲಿ ಎಂಜಿನ್ ನಿಜವಾಗಿ ಎಷ್ಟು ಗಂಟೆ ಓಡುತ್ತದೆಂಬುದನ್ನು ಒಂದು ವಾರ ಡೈರಿಯಲ್ಲಿ ಬರೆದಿಟ್ಟ ವರ್ತಕನಿಗೆ ಯಾವ ಅಳತೆಯ ಚಾರ್ಜರ್ ಬೇಕೆಂದು ಅಂಗಡಿಯವನು ಹೇಳಬೇಕಾಗಿಲ್ಲ.

ರಿಲೇ ಏಕೆ ಸಾಲದು?

ಡಿಸಿ-ಡಿಸಿ ಚಾರ್ಜರಿಗೆ ಹಣ ಹಾಕುವ ಬದಲು ಹಳೆಯ ರಿಲೇಯನ್ನೇ ಮುಂದುವರಿಸಲು ಮನಸ್ಸಾಗುವುದು ಸಹಜ. ವೋಲ್ಟೇಜ್ ನೋಡಿ ತಾನೇ ಕೂಡುವ ರಿಲೇಗಳು ಸಾಮಾನ್ಯವಾಗಿ 13.3 ವೋಲ್ಟಿನ ಸುಮಾರಿಗೆ ಕೂಡಿ, 12.8ರ ಸುಮಾರಿಗೆ ಬಿಡುತ್ತವೆ. ಆಲ್ಟರ್ನೇಟರ್ ಹನ್ನೆರಡೂವರೆಗೆ ಇಳಿದೊಡನೆ ಎಂಜಿನ್ ನಿಂತಿದೆಯೆಂದು ಭಾವಿಸಿ ರಿಲೇ ಹಿಂದಿನ ಬ್ಯಾಟರಿಯನ್ನು ಬೇರ್ಪಡಿಸುತ್ತದೆ. ಬ್ರೇಕ್ ಒತ್ತಿದಾಗ 15 ವೋಲ್ಟಿನ ಹೊಡೆತವನ್ನು ಮಾತ್ರ ತಪ್ಪದೆ ಹಿಂದಕ್ಕೆ ಕಳುಹಿಸುತ್ತದೆ. ಇಗ್ನಿಷನ್ ಕೀಲಿಯಿಂದ ಕೂಡುವ ಸಾದಾ ರಿಲೇಯದು ಇನ್ನೊಂದು ಬಗೆಯ ದೋಷ: ಎರಡೂ ಬ್ಯಾಟರಿಗಳು ಕೂಡಿಯೇ ಇರುವುದರಿಂದ ಹಿಂದಿನದು ಹೆಚ್ಚು ತುಂಬಿದ್ದರೆ ಅದರ ವಿದ್ಯುತ್ತೇ ಮುಂದಕ್ಕೆ ಹರಿಯುತ್ತದೆ. ಫ್ರೀಜರಿಗೆಂದು ರಾತ್ರಿ ತುಂಬಿಸಿಟ್ಟದ್ದು ಗಾಡಿಯ ದೀಪ, ಹಾರನ್‌ಗಳಿಗೆ ಖರ್ಚಾಗುತ್ತದೆ.

ಹಿಂದೆ ಲಿಥಿಯಂ ಬ್ಯಾಟರಿ ಹಾಕಿದವರಿಗೆ ಅಪಾಯ ಇನ್ನೂ ಹೆಚ್ಚು. ಅದರ ಒಳಪ್ರತಿರೋಧ ಬಹಳ ಕಡಿಮೆಯಾದ್ದರಿಂದ ನೇರವಾಗಿ ಜೋಡಿಸಿದರೆ ಆಲ್ಟರ್ನೇಟರಿನ ಶಕ್ತಿಯನ್ನೆಲ್ಲ ಸೆಳೆಯಲು ನೋಡುತ್ತದೆ. ಎಂಜಿನ್ ನಿಧಾನಗತಿಯಲ್ಲಿದ್ದಾಗ ಆಲ್ಟರ್ನೇಟರಿನ ಫ್ಯಾನ್ ಕೂಡ ನಿಧಾನವಾಗಿಯೇ ತಿರುಗುವುದರಿಂದ ಅದು ಕಾಯ್ದು ಸುಟ್ಟುಹೋಗುವ ಸಂಭವವಿದೆ.

ಡಿಸಿ-ಡಿಸಿ ಚಾರ್ಜರ್ ಮುಂದಿನ ಬ್ಯಾಟರಿಯಿಂದ ಬರುವ ವಿದ್ಯುತ್ ಹನ್ನೆರಡಿರಲಿ, ಹದಿನೈದಿರಲಿ, ಹಿಂದಿನ ಬ್ಯಾಟರಿಗೆ ಬೇಕಾದ 14.4 ವೋಲ್ಟನ್ನು ಹದವರಿತು ಕೊಡುತ್ತದೆ. ಪ್ರವಾಹವನ್ನು ತನ್ನ ಮಿತಿಯೊಳಗೇ ಇಡುತ್ತದೆ. ಸ್ಮಾರ್ಟ್ ಆಲ್ಟರ್ನೇಟರ್ ಇರುವ ವಾಹನದಲ್ಲಿ ವೋಲ್ಟೇಜ್ ನೋಡಿ ಎಂಜಿನ್ ಓಡುತ್ತಿದೆಯೇ ಇಲ್ಲವೇ ಎಂದು ಹೇಳಲಾಗುವುದಿಲ್ಲ. ಆದ್ದರಿಂದ ಈ ಚಾರ್ಜರಿಗೆ ಇಗ್ನಿಷನ್ನಿನಿಂದ ಒಂದು ಸಣ್ಣ ಸೂಚನಾ ತಂತಿಯನ್ನು ಪ್ರತ್ಯೇಕವಾಗಿ ಕೊಡಲೇಬೇಕು. ಈ ತಂತಿಯನ್ನು ಬಿಟ್ಟರೆ ಚಾರ್ಜರ್ ಒಂದೋ ಓಡುವಾಗ ನಿದ್ರಿಸುತ್ತದೆ, ಇಲ್ಲವೇ ನಿಂತಾಗಲೂ ಎಚ್ಚರವಿದ್ದು ಮುಂದಿನ ಬ್ಯಾಟರಿಯನ್ನು ಬರಿದು ಮಾಡುತ್ತದೆ. ಮರುದಿನ ಬೆಳಿಗ್ಗೆ ಸೆಲ್ಫ್ ಹೊಡೆಯದೆ ಗಾಡಿ ತಳ್ಳುವ ಪ್ರಸಂಗ ಬರುತ್ತದೆ.

ಕಾಲುವೆಯ ಕೊನೆಯ ಹೊಲ

ಒಳ್ಳೆಯ ಚಾರ್ಜರ್ ಕೊಂಡು ತೆಳ್ಳನೆಯ ತಂತಿ ಹಾಕಿದರೆ ಹಣ ಹಾಕಿದ್ದು ವ್ಯರ್ಥ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರ ಸಂಕಟ ಗಂಗಾವತಿ ಸೀಮೆಯವರಿಗೆ ಹೊಸದಲ್ಲ. ಜಲಾಶಯದಲ್ಲಿ ನೀರಿದ್ದರೂ ಕೊನೆಯ ಹೊಲಕ್ಕೆ ಮುಟ್ಟುವಷ್ಟರಲ್ಲಿ ಅದು ಸೊರಗಿರುತ್ತದೆ. ಪಿಕಪ್ಪಿನ ಬಾನೆಟ್ಟಿನಿಂದ ಹಿಂಬದಿಯವರೆಗಿನ ತಂತಿಯೂ ಹಾಗೆಯೇ.

20 ಆಂಪಿಯರಿನ ಚಾರ್ಜರ್ 14.4 ವೋಲ್ಟಿನಲ್ಲಿ 288 ವ್ಯಾಟ್ ಕೊಡುವಾಗ, ತನ್ನ ನಷ್ಟ ಸೇರಿ 320 ವ್ಯಾಟನ್ನು ಮುಂದಿನಿಂದ ಸೆಳೆಯುತ್ತದೆ. ಮುಂದೆ 12.3 ವೋಲ್ಟ್ ಇದ್ದರೆ ಅದು 26 ಆಂಪಿಯರ್ ಆಗುತ್ತದೆ. ಆರು ಮೀಟರ್ ದೂರಕ್ಕೆ ಹೋಗಿ ಬರುವ ತಂತಿಯ ಉದ್ದ ಹನ್ನೆರಡು ಮೀಟರ್. ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರ್ ತಾಮ್ರದ ತಂತಿಯನ್ನೇ ಇಲ್ಲಿಯೂ ಎಳೆದರೆ ದಾರಿಯಲ್ಲಿಯೇ 2.2 ವೋಲ್ಟ್ ಕಳೆದುಹೋಗುತ್ತದೆ. ಚಾರ್ಜರಿಗೆ ಮುಟ್ಟುವುದು ಹತ್ತರ ಆಸುಪಾಸು. ಕಡಿಮೆ ವೋಲ್ಟ್ ಸಿಕ್ಕಷ್ಟೂ ಚಾರ್ಜರ್ ಹೆಚ್ಚು ಆಂಪಿಯರ್ ಸೆಳೆಯಲು ಹೋಗುವುದರಿಂದ ತಂತಿ ಇನ್ನಷ್ಟು ಕಾಯುತ್ತದೆ. ಅದೇ 16 ಚದರ ಮಿಲಿಮೀಟರ್ ಕೇಬಲ್ ಹಾಕಿದರೆ ನಷ್ಟ ಒಂದು ವೋಲ್ಟಿನ ಮೂರನೆಯ ಒಂದು ಭಾಗ ಮಾತ್ರ. ತಾಮ್ರದ ಬೆಲೆ ನೋಡಿ ಹಿಂಜರಿಯುವವರು ಚಾರ್ಜರನ್ನೂ ಎರಡನೆಯ ಬ್ಯಾಟರಿಯನ್ನೂ ಕ್ಯಾಬಿನ್ನಿನ ಬೆನ್ನಿಗೇ ಕೂರಿಸಿ ದೂರವನ್ನು ಕಡಿಮೆ ಮಾಡಿಕೊಳ್ಳಬಹುದು.

ಬ್ಯಾಟರಿಯಿಲ್ಲದೆ ಫ್ರೀಜರನ್ನು ನೇರವಾಗಿ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವವರ ಸ್ಥಿತಿಯೂ ಇದೇ. ಆ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10ರಿಂದ 15 ಆಂಪಿಯರಿನದು, ತಂತಿ ತೆಳು. 12 ವೋಲ್ಟಿನ ಅನೇಕ ಫ್ರೀಜರುಗಳು 10.4 ವೋಲ್ಟಿನ ಆಸುಪಾಸಿಗೆ ತಾವಾಗಿಯೇ ನಿಲ್ಲುತ್ತವೆ. ಕಂಪ್ರೆಸರ್ ಆರಂಭವಾದೊಡನೆ ವೋಲ್ಟೇಜ್ ಕುಸಿದು ನಿಲ್ಲುವುದು, ನಿಂತೊಡನೆ ವೋಲ್ಟೇಜ್ ಏರಿ ಮತ್ತೆ ಆರಂಭವಾಗುವುದು, ಹೀಗೆ ದಿನವಿಡೀ ಗುದ್ದಾಡಿದರೂ ಒಳಗೆ ತಂಪಾಗುವುದಿಲ್ಲ. ಬ್ಯಾಟರಿ ತುಂಬಿದ್ದರೂ ಫ್ರೀಜರ್ ನಿಲ್ಲುತ್ತದೆಂಬ ದೂರಿನ ಮೂಲ ತಂತಿಯಲ್ಲಿರುವುದೇ ಹೆಚ್ಚು.

ಕೇಬಲ್ ಎಷ್ಟು ದಪ್ಪವೋ ಅಷ್ಟು ಎಚ್ಚರಿಕೆಯೂ ಬೇಕು. ಬ್ಯಾಟರಿಯ ಪಕ್ಕದಲ್ಲಿಯೇ, ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಚಾಸಿಯ ಅಂಚಿಗೆ ಉಜ್ಜಿ ತಂತಿಯ ಮೇಲ್ಪದರ ಹರಿದರೆ ಫ್ಯೂಸ್ ಇಲ್ಲದ ಕೇಬಲ್ ಗಾಡಿಯನ್ನೇ ಸುಡಬಲ್ಲದು. ಹೊಸ ವಾಹನಗಳಲ್ಲಿ ಬ್ಯಾಟರಿಯ ಋಣ ಟರ್ಮಿನಲ್ಲಿನ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಸಾಧನವಿದ್ದರೆ ಅದು ಬ್ಯಾಟರಿಗೆ ಹೋಗಿ ಬರುವ ಪ್ರವಾಹವನ್ನು ಅಳೆದು ಇಸಿಯುಗೆ ವರದಿ ಮಾಡುವ ಸೆನ್ಸರ್. ಚಾರ್ಜರಿನ ಋಣ ತಂತಿಯನ್ನು ಆ ಟರ್ಮಿನಲ್ಲಿಗೇ ಕಟ್ಟಿದರೆ ಸೆನ್ಸರಿನ ಕಣ್ಣು ತಪ್ಪಿಸಿ ವಿದ್ಯುತ್ ಹೋಗುತ್ತದೆ. ಇಸಿಯುವಿನ ಲೆಕ್ಕ ತಪ್ಪಿ ಮುಂದಿನ ಬ್ಯಾಟರಿಯೂ ಸೊರಗುತ್ತದೆ. ಅದನ್ನು ಬಾಡಿಯ ಅರ್ಥಿಂಗ್ ಬೋಲ್ಟಿಗೆ ಕಟ್ಟುವುದೇ ಸರಿಯಾದ ಕ್ರಮ.

ಮನೆಬಳಕೆಯ 230 ವೋಲ್ಟಿನ ಡೀಪ್ ಫ್ರೀಜರನ್ನು ಇನ್ವರ್ಟರ್ ಮೂಲಕ ಗಾಡಿಯಲ್ಲಿ ನಡೆಸುವ ರೂಢಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಓಡುವಾಗ 200 ವ್ಯಾಟ್ ಸೆಳೆಯುವ ಯಂತ್ರ ಆರಂಭದ ಕ್ಷಣದಲ್ಲಿ ಅದರ ಹಲವು ಪಟ್ಟು ಕೇಳುತ್ತದೆ, ಇನ್ವರ್ಟರ್ ತನ್ನ ಪಾಲನ್ನು ನುಂಗುತ್ತದೆ, ಒಟ್ಟು 12 ವೋಲ್ಟಿನ ಕಡೆ 20 ಆಂಪಿಯರ್ ಬೇಕಾಗುತ್ತದೆ. 100 ಆಂಪಿಯರ್-ಗಂಟೆಯ ಬ್ಯಾಟರಿಯ ಅರ್ಧ ಭಾಗ ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ಕೊಳ್ಳುವಾಗ ಅಗ್ಗ, ನಡೆಸುವಾಗ ದುಬಾರಿ.

ಎಳೆದೊಯ್ಯುವ ಗಾಡಿಗಳು

ಈ ತೊಂದರೆಯನ್ನು ಮೊದಲು ಅನುಭವಿಸಿದವರು ಯುರೋಪಿನಲ್ಲಿ ಕಾರಿನ ಹಿಂದೆ ಕ್ಯಾರವಾನ್ ಎಳೆದುಕೊಂಡು ಪ್ರವಾಸ ಹೋಗುವವರು. ಆನೆಗೊಂದಿ, ಸಾಣಾಪುರದ ಸುತ್ತ ಹಂಪಿಯ ಪ್ರವಾಸಿಗರನ್ನು ನೆಚ್ಚಿದ ಉದ್ಯಮ ಬೆಳೆದಿರುವುದರಿಂದ ನಮ್ಮ ಬಾಡಿ ಕಟ್ಟುವ ವರ್ಕ್‌ಶಾಪುಗಳೂ ಇಂಥ ಗಾಡಿಗಳ ಬಗ್ಗೆ ತಿಳಿದಿರುವುದು ಒಳ್ಳೆಯದು. ಕ್ಯಾರವಾನುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಕಂಪ್ರೆಸರ್ ಇಲ್ಲದ ಫ್ರಿಜ್. ಇದು ಶಾಖದಿಂದಲೇ ತಂಪು ಉತ್ಪಾದಿಸುತ್ತದೆ. 1922ರಲ್ಲಿ ಸ್ವೀಡನ್ನಿನ ಬಾಲ್ಟ್‌ಸರ್ ಫೋನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟೆರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ರೂಪಿಸಿದ ವಿಧಾನ. ನಿಂತಾಗ ಅಡುಗೆ ಅನಿಲದಿಂದ ಅಥವಾ 230 ವೋಲ್ಟಿನಿಂದ, ಓಡುವಾಗ ಕಾರಿನ 12 ವೋಲ್ಟಿನಿಂದ ನಡೆಯುತ್ತದೆ. 12 ವೋಲ್ಟಿನಲ್ಲಿ ಅದು 100 ವ್ಯಾಟಿಗೂ ಮೇಲ್ಪಟ್ಟು ಬಿಡುವಿಲ್ಲದೆ ಸೆಳೆಯುತ್ತದೆ. ಒಳಗಿರುವುದು ಕೇವಲ ಹೀಟರ್ ಆದ್ದರಿಂದ ವೋಲ್ಟೇಜಿನ ಅಲ್ಪ ಇಳಿಕೆಯೂ ಅದನ್ನು ಬಾಧಿಸುತ್ತದೆ: 12 ವೋಲ್ಟಿನಲ್ಲಿ 120 ವ್ಯಾಟ್ ಇದ್ದದ್ದು ಹತ್ತೂವರೆ ವೋಲ್ಟಿನಲ್ಲಿ 92ಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಇಂಥ ಫ್ರಿಜ್ ಮೊದಲೇ ತಣ್ಣಗಿದ್ದದ್ದನ್ನು ಹಾಗೆಯೇ ಉಳಿಸಿದರೆ ಅದೇ ಹೆಚ್ಚು. ನಮ್ಮ ಹವೆಗೆ ಕಂಪ್ರೆಸರ್ ಫ್ರಿಜ್ಜೇ ಹೊಂದುವಂಥದು.

ಯುರೋಪಿನ 13 ಪಿನ್ನಿನ ಟ್ರೇಲರ್ ಸಾಕೆಟ್ಟಿನಲ್ಲಿ ಒಂಬತ್ತನೆಯ ಪಿನ್ ಸದಾ ವಿದ್ಯುತ್ ಇರುವಂಥದು, ಹತ್ತನೆಯದು ಇಗ್ನಿಷನ್ ಇದ್ದಾಗ ಮಾತ್ರ. ಎಳೆಯುವ ತಿಂಡಿ ಗಾಡಿ ತಯಾರಿಸುವವರು ಇದೇ ಕ್ರಮವನ್ನು ಅನುಸರಿಸಿ, ಫ್ರೀಜರಿಗೆ ದಪ್ಪ ಕೇಬಲ್ ಮತ್ತು ಪ್ರತ್ಯೇಕ ಪ್ಲಗ್ ಕೊಟ್ಟು, ಬ್ಯಾಟರಿಯನ್ನೂ ಡಿಸಿ-ಡಿಸಿ ಚಾರ್ಜರನ್ನೂ ಗಾಡಿಯೊಳಗೇ ಇಡುವುದು ಲೇಸು. ಎಳೆಯುವ ವಾಹನದ ಹಿಂದಿನ ದೀಪಗಳ ತಂತಿಯಿಂದ ವಿದ್ಯುತ್ ಕದಿಯುವುದು ಮಾತ್ರ ಸರ್ವಥಾ ಕೂಡದು. ಹೊಸ ವಾಹನಗಳಲ್ಲಿ ಆ ದೀಪಗಳೂ ಗಣಕದ ಹತೋಟಿಯಲ್ಲಿರುತ್ತವೆ.

ಪೆಟ್ಟಿಗೆಯ ಗೋಡೆ ಮತ್ತು ಮಂಜುಗಡ್ಡೆ

ವಿದ್ಯುತ್ತಿನ ಚಿಂತೆಗೆ ಮೊದಲು ಪೆಟ್ಟಿಗೆಯ ಗೋಡೆಯ ಚಿಂತೆ ಮಾಡಬೇಕಾಗಿತ್ತು. ಒಂದು ಮೀಟರ್ ಉದ್ದ, 80 ಸೆಂಟಿಮೀಟರ್ ಅಗಲ ಹಾಗೂ ಅಷ್ಟೇ ಎತ್ತರದ ಪೆಟ್ಟಿಗೆಯ ಒಳಗೆ ಮೈನಸ್ 18 ಡಿಗ್ರಿ, ಹೊರಗೆ 40 ಡಿಗ್ರಿ ಎಂದು ಹಿಡಿದರೆ, 40 ಮಿಲಿಮೀಟರ್ ಥರ್ಮೊಕೋಲ್ ಗೋಡೆಯ ಮೂಲಕ ಸುಮಾರು 235 ವ್ಯಾಟಿನಷ್ಟು ಶಾಖ ಒಳನುಗ್ಗುತ್ತದೆ. 60 ಮಿಲಿಮೀಟರ್ ಪಫ್ ಆದರೆ ಅದು 100 ವ್ಯಾಟಿಗೆ, 100 ಮಿಲಿಮೀಟರ್ ಪಫ್ ಆದರೆ 60 ವ್ಯಾಟಿಗೆ ಇಳಿಯುತ್ತದೆ. ಮೇಲಿನ ಲೆಕ್ಕದಲ್ಲಿ ಹಿಡಿದ 7 ಆಂಪಿಯರ್ ಒಳ್ಳೆಯ ಪಫ್ ಪೆಟ್ಟಿಗೆಗೆ ಮಾತ್ರ ಅನ್ವಯಿಸುತ್ತದೆ. ಥರ್ಮೊಕೋಲ್ ಪೆಟ್ಟಿಗೆಗೆ ಅದು ದುಪ್ಪಟ್ಟಿಗೂ ಮೀರುತ್ತದೆ. ಗೋಡೆಗೆ ಹಾಕಿದ ಹಣ ಒಮ್ಮೆ ಹಾಕಿದ್ದು, ಬ್ಯಾಟರಿಗೆ ಹಾಕಿದ್ದು ಎರಡು ಮೂರು ವರ್ಷಕ್ಕೊಮ್ಮೆ ಹಾಕುವಂಥದು.

ಮುನಿರಾಬಾದಿನ ಮೀನು ವ್ಯಾಪಾರಿ ಮಂಜುಗಡ್ಡೆ ತುಂಬಿದ ಪೆಟ್ಟಿಗೆಯಲ್ಲಿಯೇ ಕೆಲಸ ನಡೆಸುವುದನ್ನು ಹಳೆಯ ಪದ್ಧತಿಯೆಂದು ಕಡೆಗಣಿಸಬಾರದು. ಹತ್ತು ಕಿಲೋ ಮಂಜುಗಡ್ಡೆ ಕರಗುವಾಗ ಹೀರುವ ಶಾಖ 930 ವ್ಯಾಟ್-ಗಂಟೆಯ ಸುಮಾರು. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯ ಅರ್ಧದಿಂದ ದೊರೆಯುವುದು 600 ವ್ಯಾಟ್-ಗಂಟೆ. ಸಣ್ಣ ಕಂಪ್ರೆಸರ್ ಅದನ್ನು ಬಳಸಿ ಒಂದೂವರೆ ಪಟ್ಟು ಶಾಖ ಹೊರಹಾಕುತ್ತದೆಂದರೂ 900. ಮೂವತ್ತು ಕಿಲೋ ತೂಗುವ ಬ್ಯಾಟರಿ ಮಾಡುವ ಕೆಲಸವನ್ನು ಹತ್ತು ಕಿಲೋ ಮಂಜುಗಡ್ಡೆ ಮಾಡುತ್ತದೆ. ಮೀನಿಗೂ ಹಾಲಿಗೂ ಇದು ಸಾಕು. ಐಸ್‌ಕ್ರೀಮಿಗೆ ಸಾಲದು, ಲಸಿಕೆಗಳಿಗೆ ಬೇರೆಯೇ ಎಚ್ಚರ ಬೇಕು, ಏಕೆಂದರೆ ಅವು 2ರಿಂದ 8 ಡಿಗ್ರಿಯ ನಡುವೆ ಇರಬೇಕು, ಕೆಲವು ಹೆಪ್ಪುಗಟ್ಟಿದರೂ ಕೆಡುತ್ತವೆ.

ಕುಲ್ಫಿ ಮಾಡುವವರು ಮಂಜುಗಡ್ಡೆಗೆ ಉಪ್ಪು ಬೆರೆಸುತ್ತಾರೆ. ತಕ್ಕ ಪ್ರಮಾಣದಲ್ಲಿ ಬೆರೆತ ಉಪ್ಪುನೀರು ಹೆಪ್ಪುಗಟ್ಟುವುದು ಮೈನಸ್ 21 ಡಿಗ್ರಿಯಲ್ಲಿ. ಇಂಥ ದ್ರಾವಣವನ್ನು ತಗಡಿನ ಫಲಕಗಳೊಳಗೆ ಮುಚ್ಚಿ ಪೆಟ್ಟಿಗೆಯ ಗೋಡೆಗೆ ಅಳವಡಿಸಿದರೆ ಅದೇ ಯುಟೆಕ್ಟಿಕ್ ಪ್ಲೇಟ್. ರಾತ್ರಿ ಅಂಗಡಿಯಲ್ಲಿ ಜೆಸ್ಕಾಂ ವಿದ್ಯುತ್ತಿನಿಂದ ಫಲಕಗಳನ್ನು ಹೆಪ್ಪುಗಟ್ಟಿಸಿಟ್ಟರೆ ಮರುದಿನ ಎಂಟು ಹತ್ತು ಗಂಟೆ ಯಾವ ವಿದ್ಯುತ್ತೂ ಇಲ್ಲದೆ ಪೆಟ್ಟಿಗೆ ಐಸ್‌ಕ್ರೀಮಿಗೆ ತಕ್ಕಂತೆ ಇರುತ್ತದೆ. ಬೆಳಿಗ್ಗೆ ಹೊರಟು ಸಂಜೆ ಮರಳುವ ಮಾರ್ಗಕ್ಕೆ ಇದಕ್ಕಿಂತ ಸರಳ ಉಪಾಯವಿಲ್ಲ. ಆಲ್ಟರ್ನೇಟರ್ ಸ್ಮಾರ್ಟ್ ಆಗಿದ್ದರೇನು, ಬಿಟ್ಟರೇನು. ತೂಕ ಹೆಚ್ಚು ಎಂಬುದೊಂದೇ ಕೊರತೆ. ಎರಡು ಮೂರು ದಿನ ಜಾತ್ರೆಯಲ್ಲಿಯೇ ಬೀಡುಬಿಡುವವರಿಗೆ ಮಾತ್ರ ಬ್ಯಾಟರಿ, ಚಾರ್ಜರ್‌ಗಳ ದಾರಿಯೇ ಗತಿ. ಅಂಥವರು ಗಾಡಿಯ ಮೇಲೆ 100 ವ್ಯಾಟಿನ ಸೌರಫಲಕವೊಂದನ್ನು ಸೇರಿಸಿದರೆ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ 400 ವ್ಯಾಟ್-ಗಂಟೆಯಷ್ಟು ದೊರೆಯುತ್ತದೆ. ಫ್ರೀಜರಿನ ಅಗತ್ಯದ ಒಂದು ಭಾಗ ಮಾತ್ರ ಅದು, ಆದರೆ ಬಿಸಿಲಿಗೆ ಯಲಬುರ್ಗಾ, ಕುಷ್ಟಗಿಗಳಲ್ಲಿ ಬರವಿಲ್ಲ.

ಜಾತ್ರೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಫ್ರೀಜರಿಗಾಗಿ ಎಂಜಿನ್ ಓಡಿಸುತ್ತಲೇ ಇರುವ ಅಭ್ಯಾಸವನ್ನು ಬಿಎಸ್-6 ಡೀಸೆಲ್ ವಾಹನದ ಮಾಲೀಕರು ಕೈಬಿಡಬೇಕು. ನಿಧಾನಗತಿಯಲ್ಲಿ ಆಲ್ಟರ್ನೇಟರ್ ತನ್ನ ಪೂರ್ಣ ಸಾಮರ್ಥ್ಯ ಕೊಡುವುದಿಲ್ಲ, ಡೀಸೆಲ್ ಗಂಟೆಗೆ ಅರ್ಧ ಲೀಟರಿಗೂ ಮೇಲೆ ಉರಿಯುತ್ತದೆ. ಇವೆರಡಕ್ಕಿಂತ ದೊಡ್ಡ ನಷ್ಟವೆಂದರೆ, ಹೊಗೆಯ ಮಸಿಯನ್ನು ಹಿಡಿದಿಡುವ ಸೈಲೆನ್ಸರಿನ ಫಿಲ್ಟರ್ ರಸ್ತೆಯ ಓಟದಲ್ಲಿ ಕಾಯ್ದಾಗ ಮಾತ್ರ ತನ್ನನ್ನು ತಾನು ಸುಟ್ಟು ಶುಚಿ ಮಾಡಿಕೊಳ್ಳುತ್ತದೆ. ದಿನಗಟ್ಟಲೆ ನಿಂತಲ್ಲೇ ಓಡಿಸಿದರೆ ಅದು ಕಟ್ಟಿಕೊಳ್ಳುತ್ತದೆ.

ಜೋಡಣೆಗೆ ಮುನ್ನ ವಾಹನದ ವಾರಂಟಿ ಪುಸ್ತಕವನ್ನು ಓದಿ, ಹೆಚ್ಚುವರಿ ವಿದ್ಯುತ್ ಉಪಕರಣಗಳ ಬಗ್ಗೆ ತಯಾರಕರು ಹಾಕಿರುವ ಷರತ್ತುಗಳನ್ನು ತಿಳಿದುಕೊಂಡು, ಸರ್ವಿಸ್ ಕೇಂದ್ರದಿಂದ ಲಿಖಿತ ಉತ್ತರ ಪಡೆದಿರುವುದು ಕ್ಷೇಮ. ವಾಹನದ ಮೂಲ ಬೆಲೆಯಲ್ಲಿ ಸೇರಿರದ ವಿದ್ಯುತ್ ಉಪಕರಣಗಳನ್ನು ವಿಮಾ ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಬೆಲೆ ಸಹಿತ ನಮೂದಿಸಿ ಹೆಚ್ಚುವರಿ ಕಂತು ಕಟ್ಟಬೇಕು. ನಮೂದಾಗದ ಫ್ರೀಜರ್ ಹಾಗೂ ಬ್ಯಾಟರಿ ಅಪಘಾತದಲ್ಲಿ ಹಾಳಾದರೆ ಅವುಗಳ ಪರಿಹಾರ ಕೇಳಲಾಗುವುದಿಲ್ಲ. ಒಳಗಿನ ಸರಕಿಗೆ ವಾಹನದ ಪಾಲಿಸಿ ಅನ್ವಯಿಸುವುದಿಲ್ಲ, ಅದಕ್ಕೆ ಬೇರೆ ಪಾಲಿಸಿ ಬೇಕು. ಜೋಡಣೆ ಮಾಡಿದ ಎಲೆಕ್ಟ್ರಿಷಿಯನ್ನನಿಂದ ಕೇಬಲ್ಲಿನ ಅಳತೆ, ಫ್ಯೂಸಿನ ಆಂಪಿಯರ್, ಚಾರ್ಜರಿನ ಸಾಮರ್ಥ್ಯಗಳನ್ನು ಬರೆಸಿದ ಬಿಲ್ಲನ್ನು ಪಡೆದು ಪಾಲಿಸಿಯ ಜೊತೆಯಲ್ಲಿಯೇ ಇಟ್ಟುಕೊಳ್ಳಬೇಕು.